ಬಿಸಿಲಿಗೆ ಹಿಡಿದು ನೋಡಿದ ಸೀರೆ: ನಮ್ಮ ಹಳೇ ಕಾಂಪ್ಲೆಕ್ಸ್ ಮಾಲ್ ಆದ ಮೇಲೆ

ಮೆರೂನ್ ದಾರಕ್ಕೂ ಕಾಫಿ ಬಣ್ಣದ ದಾರಕ್ಕೂ ಲೈಟಿನ ಕೆಳಗೆ ವ್ಯತ್ಯಾಸವೇ ಕಾಣುವುದಿಲ್ಲ. ಬಿಸಿಲಿಗೆ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. 18 ವರ್ಷ ಸೀರೆಯ ಕೆಳ ಅಂಚಿಗೆ ಒಳಗಿನಿಂದ ಫಾಲ್ ಪಟ್ಟಿ ಹಾಕಿ, ಅಂಚು ಬಿಚ್ಚದ ಹಾಗೆ ಪಿಕೋ ಮಾಡಿ, ಬ್ಲೌಸ್ ಹೊಲಿದವಳು ನಾನು. ಬಟ್ಟೆ ಮಾರುವ ಯಾವ ಜಾಗಕ್ಕೆ ಹೋದರೂ ಬೆಳಕು ಎಲ್ಲಿಂದ ಬೀಳುತ್ತದೆ ಅಂತ ಮೊದಲು ನೋಡುತ್ತೇನೆ. ತುಮಕೂರಿನ ಕುಣಿಗಲ್ ರಸ್ತೆ ಕಡೆ ನಮ್ಮ ಹಳೇ ಕಾಂಪ್ಲೆಕ್ಸ್ ಒಡೆದು ಕಟ್ಟಿರುವ ಮಾಲ್‌ಗೆ ಹೋದಾಗಲೂ ತಲೆ ಎತ್ತಿ ಮೊದಲು ನೋಡಿದ್ದು ಅದನ್ನೇ.

ಈ ಮಾಲ್ ತೆರೆದು ಎರಡು ವರ್ಷ ದಾಟಿತು. ಒಂದು ಮೂವತ್ತು ಸಲವಾದರೂ ಹೋಗಿದ್ದೇನೆ. ಯಾರಾದರೂ ಕೇಳಿದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಮೂರೂವರೆ ಯಾಕೆ ಬಂತು, ಉಳಿದ ಒಂದೂವರೆ ಎಲ್ಲಿ ಹೋಯಿತು ಅನ್ನುವುದನ್ನು ಕೂತು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾಂಪ್ಲೆಕ್ಸಿನಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ ನನ್ನದಾಗಿತ್ತು. ಹೊಸದರಲ್ಲಿ ನನಗೆ ಅಂಗಡಿ ಇಲ್ಲ. ಅದು ಗೊತ್ತಿದ್ದುಕೊಂಡೇ ಮುಂದೆ ಓದಿ.

ಹಳೇ ಕಾಂಪ್ಲೆಕ್ಸ್ ಶುರುವಾಗಿದ್ದು 1994ರಲ್ಲಿ. ಆಗ ಆ ಕಡೆ ಸೈಟುಗಳೇ ಜಾಸ್ತಿ, ಮನೆಗಳು ಕಡಿಮೆ. ಇಷ್ಟು ದೂರಕ್ಕೆ ಯಾರು ಬರ್ತಾರೆ ಅಂತ ಚಿಕ್ಕಪೇಟೆಯ ಅಂಗಡಿಯವರು ಅನ್ನುತ್ತಿದ್ದರಂತೆ. ಎರಡು ಅಂತಸ್ತು, 46 ಅಂಗಡಿ. ನಡುವೆ ಮೇಲೆ ಏನೂ ಮುಚ್ಚದ ಜಾಗ. ಅಲ್ಲೊಂದು ಹೊಂಗೆ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಆ ಜಾಗಕ್ಕೆ ನಾವೆಲ್ಲ ತೊಟ್ಟಿ ಅಂತಲೇ ಕರೆಯುತ್ತಿದ್ದೆವು, ಹಳೇ ತೊಟ್ಟಿ ಮನೆಯ ಹಾಗೆಯೇ ಇತ್ತಲ್ಲ. ನಾನು ಅಂಗಡಿ ಹಿಡಿದಿದ್ದು 2001ರಲ್ಲಿ. 7 ಅಡಿ ಅಗಲ, 8 ಅಡಿ ಉದ್ದ. ಮೆಟ್ಟಿಲು ಇಳಿಜಾರಾಗಿ ಬರುವ ಕಡೆ ತಲೆ ಬಗ್ಗಿಸಬೇಕಿತ್ತು. ಬಾಡಿಗೆ 1,100 ರೂಪಾಯಿ. ಒಂದು ಉಷಾ ಮಿಷಿನ್, ಆಮೇಲೆ ಒಂದು ಪಿಕೋ ಮಿಷಿನ್. ಗೋಡೆ ತುಂಬ ದಾರದ ರೀಲು.

ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ಹೇಳಬೇಕು. ಗುಬ್ಬಿ ಕಡೆಯಿಂದಲೋ ಹೆಬ್ಬೂರಿನಿಂದಲೋ ಒಬ್ಬ ಹೆಂಗಸು ಮದುವೆ ಬಟ್ಟೆಗೆ ಬಂದಳು ಅಂದುಕೊಳ್ಳಿ. ಮೇಲಿನ ಅಂಗಡಿಯಲ್ಲಿ ಸೀರೆ ತೆಗೆಸುತ್ತಾಳೆ. ಎರಡು ಸೀರೆ ಮನಸ್ಸಿಗೆ ಬಂದರೆ ಅಂಗಡಿಯ ಹುಡುಗ ಎರಡನ್ನೂ ಹೆಗಲ ಮೇಲೆ ಹಾಕಿಕೊಂಡು ತೊಟ್ಟಿಗೆ ಇಳಿಯುತ್ತಾನೆ. ಬಿಸಿಲಿಗೆ ಸೆರಗು ಬಿಡಿಸಿ ನೋಡುತ್ತಾರೆ. ಕಟ್ಟೆ ಮೇಲೆ ಕೂತ ಗುರುತು ಪರಿಚಯ ಇಲ್ಲದವರೂ ಹೇಳುತ್ತಾರೆ, "ಆ ಹಸಿರು ತಗೊಳ್ಳವ್ವ, ನಿನಗೆ ಚೆನ್ನಾಗೈತೆ." ಆ ಸೀರೆ ಸೀದಾ ನನ್ನ ಹತ್ತಿರ ಬರುತ್ತದೆ. ನಾನು ಫಾಲ್ ಹಾಕಿ ಪಿಕೋ ಮಾಡುವ ಹೊತ್ತಿಗೆ ಅವಳು ಚಪ್ಪಲಿ ಉಂಗುಷ್ಟ ಹೊಲಿಸುತ್ತಾಳೆ. ಗಂಡನ ವಾಚಿಗೆ ಸೆಲ್ ಹಾಕಿಸುತ್ತಾಳೆ. ಬೇಕರಿಯಲ್ಲಿ ಖಾರಾ ಬನ್ ತಿಂದು ಕಟ್ಟೆ ಮೇಲೆ ಕೂರುತ್ತಾಳೆ. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಸಿ ಬಸ್ಸು ಹತ್ತುತ್ತಾಳೆ. ಮುಂದಿನ ಮದುವೆಗೆ ಮತ್ತೆ ಇಲ್ಲಿಗೇ ಬರುತ್ತಾಳೆ. ಆ ಸೀರೆ ಅಂಗಡಿಗಿಂತ ಚೆನ್ನಾಗಿರುವ ಅಂಗಡಿಗಳು ಎಂ.ಜಿ. ರಸ್ತೆಯಲ್ಲಿ ಬೇಕಾದಷ್ಟಿದ್ದವು. ಆದರೆ ಎಲ್ಲ ಕೆಲಸ ಒಂದೇ ಕಡೆ ಆಗುತ್ತಿದ್ದುದು ಇಲ್ಲಿ ಮಾತ್ರ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಆ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಹಿಂದೆ ಒಂದಿತ್ತು, ಗಂಡಸರದು, ಅದಕ್ಕೂ ಬಾಗಿಲು ಮುರಿದಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ನಾವು ಹದಿನಾಲ್ಕು ಜನ. ಪಕ್ಕದ ನರ್ಸಿಂಗ್ ಹೋಮಿನ ಆಯಾಗೆ ಹಬ್ಬಕ್ಕೆ ಬ್ಲೌಸ್ ಪೀಸ್ ಕೊಟ್ಟು, ಅವರು ಹೂಂ ಅಂದಾಗ ಅಲ್ಲಿಗೆ ಹೋಗಿ ಬರುತ್ತಿದ್ದೆವು. ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಅದರಿಂದ ನನಗೆ ಎರಡು ಸಲ ಸೋಂಕಾಗಿ ಜ್ವರ ಬಂತು. ಇದನ್ನು ಬರೆಯಲು ಸಂಕೋಚ ಪಡುವುದಿಲ್ಲ, ನಮ್ಮಂಥವರು ಸಾವಿರ ಜನ ಇದ್ದಾರೆ. ಮಳೆಗಾಲದಲ್ಲಿ ತೊಟ್ಟಿಯ ಚರಂಡಿ ಕಟ್ಟಿಕೊಂಡು ನೀರು ಒಳಗೆ ನುಗ್ಗುತ್ತಿತ್ತು. ವೈರಿಂಗ್ ಹಳೆಯದು, ಮೆಟ್ಟಿಲು ಕಡಿದು. ಮಂಡಿ ನೋವಿನವರು ಮೇಲಿನ ಅಂಗಡಿ ನೋಡಿದವರೇ ಅಲ್ಲ. ಒಡೆದು ಕಟ್ಟುವ ಕಾಲ ಬಂದಿತ್ತು, ಅದರಲ್ಲಿ ಎರಡು ಮಾತಿಲ್ಲ.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಊರಿಗೆ ಊರೇ ಶೆಟರ್ ಎಳೆದು ಮಠದ ಕಡೆ ನಡೆಯಿತು. ನಮ್ಮ ಕಾಂಪ್ಲೆಕ್ಸಿನವರೆಲ್ಲ ಒಟ್ಟಿಗೆ ಹೋಗಿದ್ದೆವು. ನಾವು 46 ಅಂಗಡಿಯವರು ಒಟ್ಟಾಗಿ ಎಲ್ಲಿಗಾದರೂ ಹೋಗಿದ್ದು ಅದೇ ಕೊನೆ. ಮರು ತಿಂಗಳು ಖಾಲಿ ಮಾಡಲು ನೋಟಿಸ್ ಬಂತು. ಬೇಡಿಕೊಂಡ ಮೇಲೆ ವರಮಹಾಲಕ್ಷ್ಮಿ ಹಬ್ಬದವರೆಗೆ ಬಿಟ್ಟರು. ಹೊಲಿಗೆಯವರಿಗೆ ಆಷಾಢ ಖಾಲಿ, ಶ್ರಾವಣ ಬಂದರೆ ಕೈ ಬಿಡುವಿಲ್ಲ. ಆ ಒಂದು ತಿಂಗಳ ದುಡಿಮೆ ಬಿಟ್ಟು ಹೋಗುವುದು ಆಗದ ಮಾತು. ಹೊಸ ಕಟ್ಟಡದಲ್ಲಿ ಹಳಬರಿಗೆ ಮೊದಲ ಅವಕಾಶ ಅಂತ ಬಾಯಿಮಾತಿನಲ್ಲಿ ಹೇಳಿದರು. ಕಾಗದದಲ್ಲಿ ಏನೂ ಇರಲಿಲ್ಲ. ನಾವೂ ಕೇಳಲಿಲ್ಲ. ಈಗ ನಿಮ್ಮ ಕಾಂಪ್ಲೆಕ್ಸಿಗೆ ಇಂಥ ನೋಟಿಸ್ ಬಂದಿದ್ದರೆ ದಯವಿಟ್ಟು ಕೇಳಿ. ಎಷ್ಟು ಜಾಗ, ಯಾವ ಅಂತಸ್ತು, ಬಾಡಿಗೆ ಎಷ್ಟು, ಎಲ್ಲ ಬರೆಸಿಕೊಳ್ಳಿ.

ಆ ವರ್ಷದ ಕೊನೆಗೆ ಕಟ್ಟಡ ನೆಲಕ್ಕೆ ಬಿತ್ತು. 2020ರಲ್ಲಿ ಕೊರೊನಾ ಬಂದು ಕೆಲಸ ನಿಂತಿತು. ಅಷ್ಟೊತ್ತಿಗೆ ತುಮಕೂರಿನ ಅರ್ಧ ರಸ್ತೆಗಳೂ ಸ್ಮಾರ್ಟ್ ಸಿಟಿ ಕೆಲಸಕ್ಕೆ ಅಗೆದು ಬಿದ್ದಿದ್ದವು. 2016ರಲ್ಲಿ ನಮ್ಮೂರು ಆ ಯೋಜನೆಗೆ ಆಯ್ಕೆ ಆದಾಗ ಎಷ್ಟು ಸಂಭ್ರಮ ಪಟ್ಟಿದ್ದೆವು. ತೊಟ್ಟಿ ಇದ್ದ ಜಾಗದಲ್ಲಿ ಒಂದು ದೊಡ್ಡ ಗುಂಡಿ, ಅದರ ತುಂಬ ಮಳೆ ನೀರು. ನಾನು ಮನೆಯ ಹಾಲಿನಲ್ಲಿ ಮಿಷಿನ್ ಹಾಕಿಕೊಂಡು ಮಾಸ್ಕ್ ಹೊಲಿದೆ. ವಾಚ್ ರಿಪೇರಿ ತಾತ 2021ರಲ್ಲಿ ತೀರಿಕೊಂಡರು. 2023ರ ದಸರಾಕ್ಕೆ ಮಾಲ್ ತೆರೆಯಿತು.

ಈಗ ಮಾಲ್ ಒಳಗೆ ಹೋಗೋಣ.

ಮೊದಲ ಮಾರ್ಕು ಶೌಚಾಲಯಕ್ಕೆ. ಪ್ರತಿ ಅಂತಸ್ತಿನಲ್ಲೂ ಇದೆ. ದುಡ್ಡಿಲ್ಲ. ನೀರು ಬರುತ್ತದೆ, ಚಿಲಕ ಸರಿಯಿದೆ, ಕಸದ ಬುಟ್ಟಿ ಇದೆ, ತೊಳೆಯುವ ಅಕ್ಕ ಅಲ್ಲೇ ಇರುತ್ತಾರೆ. ಮಗುವಿಗೆ ಹಾಲು ಕುಡಿಸಲು ಬೇರೆ ಕೋಣೆ ಇದೆ. ಮೊದಲ ದಿನ ಒಳಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಆ ಹದಿನಾಲ್ಕು ಜನರ ಮುಖ ಕಣ್ಣಮುಂದೆ ಬಂತು. ಏನೂ ಕೊಳ್ಳದೆ ಬರೀ ಇದಕ್ಕೇ ಒಳಗೆ ಹೋದರೂ ಯಾರೂ ತಡೆಯುವುದಿಲ್ಲ. ಕುಣಿಗಲ್ ಕಡೆಗೆ ಬಸ್ಸಿಗೆ ಕಾಯುವ ಹೆಂಗಸರು ಈಗ ಹಾಗೇ ಮಾಡುತ್ತಾರೆ. ಮಾಲಿನವರು ಅದನ್ನು ಹೀಗೇ ಉಳಿಸಿಕೊಳ್ಳಲಿ.

ಬಾಗಿಲಲ್ಲಿ ಇಳಿಜಾರು ಇದೆ, ಗಾಲಿಕುರ್ಚಿ ಇದೆ, ಲಿಫ್ಟ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವಿಕಲರು ಒಳಗೆ ಓಡಾಡುವ ಅನುಕೂಲ ಇರಲೇಬೇಕು. ಆದರೂ ಮಂಡಿ ಆಪರೇಷನ್ ಆದ ನಮ್ಮ ಪಕ್ಕದ ಮನೆಯವರು ಹತ್ತು ವರ್ಷದ ಮೇಲೆ ಮೊದಲ ಸಲ ತಾವೇ ಸೀರೆ ಆರಿಸಿದಾಗ ನನಗೆ ಆದ ಖುಷಿಗೆ ಕಾಯ್ದೆಯ ಲೆಕ್ಕ ಬೇಡ. 2024ರ ಜುಲೈಯಲ್ಲಿ ಬೆಂಗಳೂರಿನ ಒಂದು ಮಾಲಿನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದೆ ನಿಲ್ಲಿಸಿದ್ದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಆ ಸುದ್ದಿ ಓದಿದ ವಾರವೇ ನಮ್ಮ ಮಾವನವರನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಅವರಿಗೆ 78 ವರ್ಷ. ಪಂಚೆ, ಹೆಗಲ ಮೇಲೆ ಟವಲು. ನನ್ನ ಎದೆ ಡವಡವ ಅನ್ನುತ್ತಿತ್ತು. ಸೆಕ್ಯುರಿಟಿ ಹುಡುಗ "ಬನ್ನಿ ಅಜ್ಜ, ಲಿಫ್ಟು ಈ ಕಡೆ" ಅಂತ ಕೈ ಹಿಡಿದು ಕರೆದುಕೊಂಡು ಹೋದ. ಆ ಹುಡುಗ ಶಿರಾ ಕಡೆಯವನು. ಅವನಿಗೆ ಒಳ್ಳೆಯದಾಗಲಿ.

ಎಸ್ಕಲೇಟರ್ ಬಗ್ಗೆ ಹೊಲಿಗೆಯವಳಾಗಿ ಒಂದು ಮಾತು. ಸೀರೆ ಉಟ್ಟವರು ನೆರಿಗೆ ಎರಡು ಗೇಣು ಮೇಲೆತ್ತಿ ಹಿಡಿದುಕೊಳ್ಳಿ. ಕೊನೆಯ ಮೆಟ್ಟಿಲು ಒಳಗೆ ಹೋಗುವ ಕಡೆ ಬಾಚಣಿಗೆ ಹಲ್ಲಿನ ಹಾಗೆ ಇರುತ್ತದೆ, ಅಂಚು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಫಾಲ್ ಇಲ್ಲದ ಹಗುರ ಸಿಂಥೆಟಿಕ್ ಸೀರೆಗೆ ಅಪಾಯ ಜಾಸ್ತಿ, ಅಂಚು ಹಾರಾಡುತ್ತದೆ. ಭಾನುವಾರ ಕೆಳಗೆ ಒಬ್ಬ ಹುಡುಗಿಯನ್ನು ನಿಲ್ಲಿಸಿರುತ್ತಾರೆ, ಹೊಸಬರಿಗೆ ಕೈ ಕೊಡುತ್ತಾಳೆ. ಉಳಿದ ದಿನವೂ ನಿಲ್ಲಿಸಿದರೆ ಚೆನ್ನ.

ಕೆಳಗಿನ ಸೂಪರ್ ಮಾರ್ಕೆಟ್ ಪರವಾಗಿಲ್ಲ. ಸೋನಾ ಮಸೂರಿ, ಎಣ್ಣೆ, ಸೋಪು ಮಂಡಿಪೇಟೆಗಿಂತ ಸ್ವಲ್ಪ ಜಾಸ್ತಿ, ಆಫರ್ ದಿನ ಕಡಿಮೆ. ರಾಗಿ ಹಿಟ್ಟು ಮಾತ್ರ ಇಲ್ಲಿ ತೆಗೆದುಕೊಳ್ಳಬೇಡಿ, ಹಳೆಯದಿರುತ್ತದೆ, ಮುದ್ದೆ ಬಿರುಕು ಬಿಡುತ್ತದೆ. ಒಮ್ಮೆ ಹಲಗೆ ಮೇಲೆ ಬರೆದ ದರಕ್ಕೂ ಬಿಲ್ಲಿಗೂ 12 ರೂಪಾಯಿ ಹೆಚ್ಚುಕಡಿಮೆ ಇತ್ತು. ತೋರಿಸಿದೆ, ಮಾತಾಡದೆ ವಾಪಸ್ ಕೊಟ್ಟರು. ಬಿಲ್ ನೋಡಿಕೊಂಡೇ ಹೊರಡಿ. ಮೇಲೆ ಊಟದ ಅಂಗಡಿಗಳ ಸಾಲಿನಲ್ಲಿ ತಟ್ಟೆ ಇಡ್ಲಿ ಸಿಗುತ್ತದೆ, ಎರಡಕ್ಕೆ 80. ಇಡ್ಲಿ ಮೆತ್ತಗಿತ್ತು, ಚಟ್ನಿ ತಣ್ಣಗಿತ್ತು. ತಟ್ಟೆ ಇಡ್ಲಿಗೇ ಹೆಸರಾದ ಕ್ಯಾತ್ಸಂದ್ರ ಇಷ್ಟು ಹತ್ತಿರ ಇಟ್ಟುಕೊಂಡು ಇಲ್ಲಿ ಯಾಕೆ ತಿನ್ನಬೇಕು? ಬೋರ್ಡುಗಳೆಲ್ಲ ಕನ್ನಡದಲ್ಲಿ ದೊಡ್ಡದಾಗಿವೆ. ನೂರಕ್ಕೆ 60 ಭಾಗ ಕನ್ನಡ ಇರಬೇಕು ಅನ್ನುವ ನಿಯಮ ಬಂದ ಮೇಲೆ ಬದಲಾಯಿಸಿದ್ದು. ಓದಲು ಹಿತವಾಗಿದೆ. ಬೈಕ್ ಪಾರ್ಕಿಂಗ್ 20 ರೂಪಾಯಿ. ಬಸ್ಸಿನಲ್ಲಿ ಬರುವವರಿಗೆ ನಿಲ್ದಾಣ ಸ್ವಲ್ಪ ಮುಂದೆ ಇದೆ, ನೆರಳಿಲ್ಲ, ಕೊಡೆ ಇರಲಿ.

ಇಷ್ಟಕ್ಕೆ ಮೂರೂವರೆ ಸಂತೋಷವಾಗಿ ಕೊಡುತ್ತೇನೆ. ಇನ್ನು ಹೋದ ಒಂದೂವರೆಯ ಕಥೆ.

ಹೋದ ವರ್ಷ ನಮ್ಮ ಮನೆಯವರಿಗೆ ಅಲ್ಲೇ ಒಂದು ರೆಡಿಮೇಡ್ ಅಂಗಡಿಯಲ್ಲಿ ಪ್ಯಾಂಟ್ ತೆಗೆದುಕೊಂಡೆವು. ಉದ್ದ ಎರಡು ಇಂಚು ಜಾಸ್ತಿ ಇತ್ತು. ಕಾಲು ಮಡಿಚಿ ಹೊಲಿಯಬೇಕು, ಹತ್ತು ನಿಮಿಷದ ಕೆಲಸ. "ಮೂರು ದಿನ ಬಿಟ್ಟು ಬನ್ನಿ ಆಂಟಿ" ಅಂದರು. ನಾನೇ ಮಾಡಿಕೊಳ್ಳುತ್ತೇನೆ ಅಂತ ತಂದೆ. ಆದರೆ ಮೂರು ದಿನ ಯಾಕೆ ಬೇಕು ಅಂತ ತಿಳಿಯಬೇಕು ಅನ್ನಿಸಿತು. ವಿಚಾರಿಸಿದಾಗ ಗೊತ್ತಾಯಿತು. ಒಬ್ಬ ಹುಡುಗ ಎರಡು ದಿನಕ್ಕೊಮ್ಮೆ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಮರಳೂರಿನ ಒಂದು ಮನೆಗೆ ಕೊಟ್ಟು ಬರುತ್ತಾನೆ. ಆ ಮನೆಯವಳು ಹಿಂದೆ ನನ್ನ ಹತ್ತಿರ ಗುಂಡಿ, ಹುಕ್ಕು ಹಾಕುತ್ತಿದ್ದವಳು. ಗಿರಾಕಿಯಿಂದ ಅಂಗಡಿಯವರು 100 ತೆಗೆದುಕೊಳ್ಳುತ್ತಾರೆ. ಅವಳಿಗೆ ಸಿಗುವುದು 30. ಹೆಬ್ಬೂರಿನಿಂದ ಬಂದವರು ಒಂದು ಪ್ಯಾಂಟಿಗೆ ಎರಡು ಸಲ ಬಸ್ಸು ಹತ್ತಬೇಕು.

ಇಡೀ ಮಾಲಿನಲ್ಲಿ 60ಕ್ಕೂ ಹೆಚ್ಚು ಅಂಗಡಿ. ಒಂದು ಹೊಲಿಗೆ ಮಿಷಿನ್ ಇಲ್ಲ. ಚಪ್ಪಲಿ ಹೊಲಿಯುವವರಿಲ್ಲ. ವಾಚಿಗೆ ಸೆಲ್ ಹಾಕುವವರಿಲ್ಲ. ಎಲ್ಲ ಹೊಸದು ಮಾರುವವರೇ. ಹಳೆಯದನ್ನು ಸರಿಮಾಡುವವರು ಒಬ್ಬರೂ ಇಲ್ಲ. ಚಪ್ಪಲಿ ಅಣ್ಣ ಈಗ ಕಾಂಪೌಂಡಿನ ಹೊರಗೆ ಕೊಡೆ ಕೆಳಗೆ ಕೂರುತ್ತಾರೆ. ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ಇರುವುದರಿಂದ ಯಾರೂ ಎಬ್ಬಿಸುವುದಿಲ್ಲ. ಮಾಲಿನ ಸೆಕ್ಯುರಿಟಿಯವರ ಬೂಟುಗಳೆಲ್ಲ ಅವರ ಹತ್ತಿರವೇ ರಿಪೇರಿ ಆಗುತ್ತವೆ.

46 ಅಂಗಡಿಯವರಲ್ಲಿ ವಾಪಸ್ ಬಂದವರು ಒಂಬತ್ತು ಜನ. ನಾನು ಯಾಕೆ ಬರಲಿಲ್ಲ ಅನ್ನುವುದಕ್ಕೆ ಲೆಕ್ಕವೇ ಉತ್ತರ. ಹಿಂಭಾಗದಲ್ಲಿ ಒಂದು ಅಂಗಡಿ ತೋರಿಸಿದರು. 120 ಚದರ ಅಡಿ ಅಂದರು. ಕತ್ತಿಗೆ ಇಂಚು ಟೇಪು ಹಾಕಿಕೊಂಡೇ ಹೋಗಿದ್ದೆ, ಅಳೆದೆ. 9 ಅಡಿಗೆ 8 ಅಡಿ. ಅಂದರೆ 72. ಉಳಿದ 48 ಎಲ್ಲಿ ಅಂತ ಕೇಳಿದೆ. ಓಡಾಡುವ ಜಾಗ, ಲಿಫ್ಟು, ಮೆಟ್ಟಿಲು, ಇದರಲ್ಲೆಲ್ಲ ನನ್ನ ಪಾಲು ಸೇರಿಸಿ ಸೂಪರ್ ಬಿಲ್ಟಪ್ ಲೆಕ್ಕ ಹಾಕುತ್ತಾರಂತೆ. ಬಾಡಿಗೆ 14,000. ಮೇಂಟೆನೆನ್ಸ್ 2,500. ಎರಡರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 19,470. ಅಡ್ವಾನ್ಸ್ ಮೂರು ಲಕ್ಷ ಬೇರೆ. ಒಂದು ಸೀರೆಗೆ ಫಾಲ್, ಪಿಕೋ ಸೇರಿ 130 ತೆಗೆದುಕೊಂಡರೆ ತಿಂಗಳಿಗೆ 150 ಸೀರೆ ಬರೀ ಬಾಡಿಗೆಗೇ ಆಯಿತು. ಫಾಲ್ ಬಟ್ಟೆ, ದಾರ, ಕರೆಂಟು, ನನ್ನ ಕೈಕೂಲಿ ಎಲ್ಲ ಆಮೇಲೆ. ಆಷಾಢದಲ್ಲಿ 40 ಸೀರೆ ಬಂದರೆ ಹೆಚ್ಚು.

ನನ್ನ ಮಗಳು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ, ಕೊನೆಯ ವರ್ಷ. ಚಿಕ್ಕವಳಿದ್ದಾಗ ನನ್ನ ಅಂಗಡಿಯ ಲೈನಿಂಗ್ ಬಟ್ಟೆ ರಾಶಿ ಮೇಲೆ ಮಲಗಿ ಬೆಳೆದವಳು. ಈಗ ಅವಳ ಕಾಲೇಜಿನ ಪ್ರಾಜೆಕ್ಟಿನ ವಿಷಯ ಹಳೇ ಮಾಲ್‌ಗಳನ್ನು ಮತ್ತೆ ಕಟ್ಟುವುದು. ನನ್ನ ಲೆಕ್ಕ ಕೇಳಿ ಅವಳು ಹೇಳಿದಳು, "ಅಮ್ಮ, ಎಲ್ಲ ಮಾಲಿನಲ್ಲೂ ಹೀಗೇ. ಜನರನ್ನು ಎಳೆಯುವ ದೊಡ್ಡ ಅಂಗಡಿಗೆ ಚದರ ಅಡಿ ಲೆಕ್ಕದಲ್ಲಿ ಬಾಡಿಗೆ ಕಡಿಮೆ. ಅದನ್ನು ನೋಡಲು ಬಂದ ಜನ ಚಿಕ್ಕ ಅಂಗಡಿಗೂ ಹೋಗ್ತಾರೆ ಅಂತ ಚಿಕ್ಕವರಿಗೆ ಜಾಸ್ತಿ." ಹಾಗಾದರೆ ನನ್ನ ಹತ್ತಿರ ಫಾಲ್ ಹಾಕಿಸಲು ಬಂದವರು ಸೀರೆ ಅಂಗಡಿಗೆ ಹೋಗುತ್ತಿದ್ದರಲ್ಲ, ಆ ಲೆಕ್ಕ ಯಾರು ಬರೆದರು ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಪ್ರಾಜೆಕ್ಟಿನಲ್ಲಿ ಅದಕ್ಕೇ ಒಂದು ಪುಟ ಇಟ್ಟಳು.

ಅವಳೇ ನನಗೆ ಸೌತ್‌ಡೇಲ್ ಕಥೆ ಹೇಳಿದ್ದು. ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ 1956ರ ಅಕ್ಟೋಬರಿನಲ್ಲಿ ತೆರೆದ ಮಾಲ್. ಪೂರ್ತಿ ಮುಚ್ಚಿದ, ಬೇಸಿಗೆ ಚಳಿಗಾಲ ಎರಡರಲ್ಲೂ ಒಳಗೆ ಒಂದೇ ಹವೆ ಇರುವ ಮಾಲ್ ಅಂತ ಶುರುವಾಗಿದ್ದೇ ಅದರಿಂದ. ಅಲ್ಲಿ ಚಳಿಗಾಲದಲ್ಲಿ ಹೊರಗೆ ನಿಲ್ಲಲು ಆಗದಷ್ಟು ಹಿಮ ಬೀಳುತ್ತದೆ. ಅದರ ನಕ್ಷೆ ಹಾಕಿದ ಆರ್ಕಿಟೆಕ್ಟ್ ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿದ ಮೇಲೆ ಅಮೆರಿಕಕ್ಕೆ ಬಂದವರು. ತಮ್ಮೂರಿನಲ್ಲಿ ಜನ ಅಂಗಡಿ ಬೀದಿಯಲ್ಲಿ ನಡೆಯುತ್ತ, ಕೂರುತ್ತ, ಮಾತಾಡುತ್ತ ಇದ್ದುದನ್ನು ಅವರು ಮರೆತಿರಲಿಲ್ಲ. ಸೌತ್‌ಡೇಲ್ ನಡುವೆ ದೊಡ್ಡ ಅಂಗಳ ಮಾಡಿದರು. ಮೇಲಿನಿಂದ ಹಗಲಿನ ಬೆಳಕು ಬೀಳುವ ಹಾಗೆ ಕಿಟಕಿ ಇಟ್ಟರು. ಕೆಳಗೆ ಮರ, ಮೀನಿನ ಕೊಳ, ಹಕ್ಕಿಗಳ ದೊಡ್ಡ ಪಂಜರ.

ಮಗಳು ಫೋಟೋ ತೋರಿಸಿದಾಗ ನನ್ನ ಬಾಯಿಂದ ಬಂದ ಮಾತು, "ಇದು ತೊಟ್ಟಿ ಅಲ್ವಾ?"

ಗ್ರೂಯೆನ್ ಬರೀ ಅಂಗಡಿ ಕಟ್ಟಲು ಹೊರಟವರಲ್ಲ. ಮಾಲಿನ ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ ಎಲ್ಲ ಬರಬೇಕು, ಅದೇ ಒಂದು ಊರಾಗಬೇಕು ಅಂತ ನಕ್ಷೆ ಹಾಕಿದ್ದರು. ಮಾಲಿಗೆ ಒಪ್ಪಿಕೊಂಡಷ್ಟು ಉತ್ಸಾಹದಿಂದ ಉಳಿದದ್ದಕ್ಕೆ ಯಾರೂ ಒಪ್ಪಲಿಲ್ಲ. ಸುತ್ತ ಸಾವಿರಾರು ಕಾರು ನಿಲ್ಲುವ ಜಾಗ ಆಯಿತು. ಮುಂದೆ ದೇಶದ ತುಂಬ ಅದನ್ನೇ ನಕಲು ಮಾಡಿದರು, ಅಂಗಳ ಚಿಕ್ಕದು ಮಾಡಿ ಅಂಗಡಿ ಜಾಸ್ತಿ ಮಾಡಿ. ಕೊನೆಗೆ ಅವರು ಬೇಸತ್ತು ವಿಯೆನ್ನಾಕ್ಕೆ ವಾಪಸ್ ಹೋದರು. ಆ ಮಾಲ್‌ಗಳು ತಮ್ಮವಲ್ಲ ಅಂತ 1978ರಲ್ಲಿ ಲಂಡನ್ನಿನ ಭಾಷಣದಲ್ಲಿ ಹೇಳಿದರು. 1980ರಲ್ಲಿ ತೀರಿಕೊಂಡರು. ನಾನು ಕತ್ತರಿಸಿಕೊಟ್ಟ ಬಟ್ಟೆಯನ್ನು ಬೇರೆಯವರು ಹೇಗೋ ಹೊಲಿದು, ಅದಕ್ಕೆ ನನ್ನ ಹೆಸರು ಹೇಳಿದರೆ ನನಗೂ ಹಾಗೇ ಆಗುತ್ತದೆ. ಅದಕ್ಕೇ ಅವರ ಸಂಕಟ ನನಗೆ ಅರ್ಥವಾಯಿತು.

ನಮ್ಮ ದೇಶಕ್ಕೆ ಮಾಲ್ ಬಂದಿದ್ದು ತಡವಾಗಿ. ದೆಹಲಿಯ ಅನ್ಸಲ್ ಪ್ಲಾಜಾ, ಮುಂಬೈಯ ಕ್ರಾಸ್‌ರೋಡ್ಸ್ ಎರಡೂ 1999ರಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ 2004ರಲ್ಲಿ. ತುಮಕೂರಿನವರಿಗೆ ಹತ್ತಿರವಾದದ್ದು 2010ರಲ್ಲಿ ಮಲ್ಲೇಶ್ವರದಲ್ಲಿ ತೆರೆದ ಮಂತ್ರಿ ಸ್ಕ್ವೇರ್. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂದ ಮೇಲೆ ಇನ್ನೂ ಹತ್ತಿರವಾಯಿತು. ಅದು ನಿಂತಿರುವುದು ಹಳೇ ರಾಜಾ ಮಿಲ್ ಜಾಗದಲ್ಲಿ. ಮಗಳು ಇದನ್ನು ಹೇಳಿದ ದಿನ ನಾನು ಅಲ್ಲಿ ಒಂದು ಕುರ್ತಾ ಕೈಯಲ್ಲಿ ಹಿಡಿದು ನಿಂತಿದ್ದೆ. ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಈಗ ಎಲ್ಲಿಂದಲೋ ಬಂದ ಬಟ್ಟೆ ಮಾರುತ್ತಾರೆ ಅಂತ ಯೋಚಿಸುತ್ತ ತುಂಬ ಹೊತ್ತು ಆ ಕುರ್ತಾದ ಹೊಲಿಗೆ ನೋಡುತ್ತಿದ್ದೆ.

ಮಗಳ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಹಿಡಿಸಿದ ಭಾಗ, ಸೋತ ಮಾಲ್‌ಗಳು ಆಮೇಲೆ ಏನಾದವು ಅನ್ನುವುದು. ಅಮೆರಿಕದ ಒಹಾಯೊದಲ್ಲಿ 1976ರಲ್ಲಿ ರ‍್ಯಾಂಡಾಲ್ ಪಾರ್ಕ್ ಅಂತ ಭಾರೀ ಮಾಲ್ ತೆರೆಯಿತು. ಅದು ಮುಚ್ಚಿ, ನೆಲಸಮ ಆಗಿ, ಈಗ ಆ ಜಾಗದಲ್ಲಿ ಅಮೆಜಾನ್ ಗೋದಾಮು ಇದೆ. ಆದರೆ ನ್ಯಾಶ್‌ವಿಲ್‌ನ ಒನ್ ಹಂಡ್ರೆಡ್ ಓಕ್ಸ್ ಮಾಲ್ ಬೇರೆ ದಾರಿ ಹಿಡಿಯಿತು. ಮೇಲಿನ ಅಂತಸ್ತನ್ನು ವ್ಯಾಂಡರ್‌ಬಿಲ್ಟ್ ಆಸ್ಪತ್ರೆಗೆ ಕೊಟ್ಟರು, 2009ರಿಂದ ಅಲ್ಲಿ ಡಾಕ್ಟರುಗಳು ಕೂರುತ್ತಾರೆ. ಆಸ್ಟಿನ್ನಿನ ಹೈಲ್ಯಾಂಡ್ ಮಾಲ್ ಈಗ ಒಂದು ಕಾಲೇಜು. ಸೌತ್‌ಡೇಲ್‌ನಲ್ಲೇ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಮನೆಗಳು ಬಂದಿವೆ. ಒಂದು ದೊಡ್ಡ ಅಂಗಡಿ ಇದ್ದ ಕಡೆ ವ್ಯಾಯಾಮ ಕೇಂದ್ರ ಬಂದಿದೆ. ಗ್ರೂಯೆನ್ 1956ರಲ್ಲೇ ಬೇಕು ಅಂದದ್ದನ್ನು 60 ವರ್ಷ ಆದ ಮೇಲೆ ಒಂದೊಂದಾಗಿ ತಂದು ಇಡುತ್ತಿದ್ದಾರೆ. ಜನ ವಾರ ವಾರ ಬರಬೇಕಾದರೆ ಅವರಿಗೆ ಅಲ್ಲಿ ಏನಾದರೂ ಕೆಲಸ ಇರಬೇಕು. ಕೊಳ್ಳುವುದು ವರ್ಷಕ್ಕೆ ನಾಲ್ಕು ಸಲ. ಹೊಲಿಸುವುದು, ಬಿಚ್ಚಿಸುವುದು, ಬಿಗಿ ಮಾಡಿಸುವುದು, ಸಡಿಲ ಮಾಡಿಸುವುದು ವರ್ಷಪೂರ್ತಿ ಇದ್ದೇ ಇರುತ್ತದೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಾಲಿನ ನಡುವೆಯೂ ಒಂದು ತೆರವು ಇದೆ. ಮೂರು ಅಂತಸ್ತು ಮೇಲೆ ಗಾಜಿನ ಚಾವಣಿ. ನಕ್ಷೆ ಹಾಕಿದ ಪುಣ್ಯಾತ್ಮರು ಅದೊಂದನ್ನು ಬಿಟ್ಟಿಲ್ಲ. ಹೊಂಗೆ ಮರ ಇಲ್ಲ, ಕಟ್ಟೆ ಇಲ್ಲ, ಕೂರಲು ಎರಡೇ ಬೆಂಚು. ಆದರೆ ಬೆಳಗ್ಗೆ ಹನ್ನೊಂದರಿಂದ ಎರಡು ಗಂಟೆಯವರೆಗೆ ಕೆಳಗಿನ ಕಲ್ಲಿನ ಮೇಲೆ ಒಂದು ಚೌಕ ಬಿಸಿಲು ಬೀಳುತ್ತದೆ. ತೆರೆದ ಹೊಸದರಲ್ಲಿ ಒಂದು ದಿನ ಒಬ್ಬ ಅಜ್ಜಿ ಸೀರೆ ಅಂಗಡಿಯಿಂದ ಸೀರೆ ಎತ್ತಿಕೊಂಡು ಆ ಚೌಕಕ್ಕೆ ಬಂದುಬಿಟ್ಟರು. ಬಾಗಿಲಲ್ಲಿ ಸೈರನ್ ಕೂಗಿತು. ಸೆಕ್ಯುರಿಟಿಯವರು ಓಡಿ ಬಂದರು. ಅಜ್ಜಿ ಗಾಬರಿಯಾಗಿ, "ಬಣ್ಣ ನೋಡಾಕೆ ಬಂದೆ ಕಣಪ್ಪ, ಕದಿಯಾಕಲ್ಲ" ಅಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ಅಲ್ಲೇ ಇದ್ದೆ. ಹೋಗಿ ಅಂಗಡಿಯ ಹುಡುಗಿಗೆ ಹೇಳಿದೆ, "ನೋಡಮ್ಮ, ಇಲ್ಲಿ ಮೊದಲಿಂದಲೂ ಹೀಗೇ ನೋಡುತ್ತಿದ್ದರು. ನೀನೇ ಜೊತೆಗೆ ಬಂದು ತೋರಿಸು." ಆ ಹುಡುಗಿ ಬಂದಳು. ಅಜ್ಜಿ ಸೀರೆ ತೆಗೆದುಕೊಂಡರು. ಈಗ ಆ ಅಂಗಡಿಯಲ್ಲಿ ಅದೇ ಪದ್ಧತಿ ಆಗಿದೆ. ಗಿರಾಕಿ ಕೇಳಿದರೆ ಸೀರೆಯ ಟ್ಯಾಗ್ ತೆಗೆದು, ಒಬ್ಬ ಹುಡುಗಿ ಜೊತೆಯಲ್ಲಿ ಬಂದು ಬಿಸಿಲಿಗೆ ಹಿಡಿಯುತ್ತಾಳೆ. ನೀವು ಹೋದರೆ ಮರೆಯದೆ ಕೇಳಿ. ಮಧ್ಯಾಹ್ನ ಎರಡರ ಒಳಗೆ ಹೋಗಿ, ಆಮೇಲೆ ಬಿಸಿಲು ಸರಿದುಹೋಗುತ್ತದೆ.

ಆ ಚೌಕದ ಪಕ್ಕದಲ್ಲಿ ಎಸ್ಕಲೇಟರ್ ಇದೆ. ಅದರ ಕೆಳಗೆ ಒಂದು ಮೂಲೆ ಖಾಲಿ ಬಿದ್ದಿದೆ. ಹಬ್ಬದಲ್ಲಿ ಅಲ್ಲಿ ಗೊಂಬೆ ಕೂರಿಸುತ್ತಾರೆ, ಉಳಿದ ದಿನ ನೆಲ ಒರೆಸುವ ಬಕೆಟ್ ಇಟ್ಟಿರುತ್ತಾರೆ. ಹೋದ ಬುಧವಾರ ಟೇಪು ಹಿಡಿದು ಅಳೆದೆ. ಎತ್ತರ ಇರುವ ಕಡೆ 6 ಅಡಿಗೆ 5 ಅಡಿ ಸಿಗುತ್ತದೆ. ಒಂದು ಪಿಕೋ ಮಿಷಿನ್, ಒಂದು ಸ್ಟೂಲು, ಗೋಡೆಗೆ ದಾರದ ಹಲಗೆ ಹಿಡಿಯುತ್ತದೆ. ಇಳಿಜಾರಿನ ಕಡೆ ತಲೆ ಬಗ್ಗಿಸಬೇಕು, ಅದು ನನಗೆ ಅಭ್ಯಾಸ. ಮ್ಯಾನೇಜರ್ ಹತ್ತಿರ ಹೋಗಿ ಈ ಜಾಗಕ್ಕೆ ಬಾಡಿಗೆ ಎಷ್ಟು ಅಂತ ಕೇಳಿದೆ. ಸೀರೆ ಅಂಗಡಿಯ ಹುಡುಗಿಯೂ ನನ್ನ ಜೊತೆಗೆ ಬಂದು, ದಿನಕ್ಕೆ ಎಷ್ಟು ಜನ ಫಾಲ್ ಎಲ್ಲಿ ಹಾಕಿಸುವುದು ಅಂತ ಕೇಳುತ್ತಾರೆ ಅನ್ನುವುದನ್ನು ಹೇಳಿದಳು. ಅವರು ಬರೆದುಕೊಂಡರು. ಬೆಂಗಳೂರಿನ ಆಫೀಸಿಗೆ ಕೇಳಿ ಸೋಮವಾರ ಹೇಳುತ್ತೇನೆ ಅಂದಿದ್ದಾರೆ.